ಕುಣಿಯುವ ಚಾಪೆ

ಗಂಡ ಲಫಾಯೆಲೆಯ ಹೆಣದ ಕಾಲಿಗೆ ನಾದಿನಿ ಹೊದಿಸಿದ ಚಾಪೆಯನ್ನು ಲುಯಿಸಾ ಎರಡನೆಯ ಸಲ ಕಿತ್ತೆಸೆದಳು.

“ಅತ್ತಿಗೆ, ಅಣ್ಣನ ಕಾಲು ಯಜಮಾನ್ರ ಕಡೆಗೇ ಚಾಚಿದೆ. ಊರವ್ರು ಏನಂತಾರೆ?” ನಾದಿನಿ ಪೆತಾ ಪಿಸುಗುಟ್ಟಿದಳು.

“ಅನ್ನೋದೆಲ್ಲಾ ಅಂದು ಮುಗಿಸಿದಾರೆ, ಹೊಸದೇನು ಬಾಕಿ? ಈಗ ಅಲ್ಲಾಡ್ತಿಲ್ಲವಲ್ಲ, ಕಣ್ತುಂಬ ನೋಡ್ಲಿ. ತುಆಲಾ ಆ ಮಾತು ವಾಪಸ್ ತಗೊಳ್ಳಲಿ, ನಾನೇ ಮುಚ್ತೀನಿ.”

ಸಮೋವಾದ ಮನೆಗಳಿಗೆ ಗೋಡೆಯಿಲ್ಲ. ಗುಟ್ಟಿಗೂ ಊರೆಲ್ಲ ಕಿವಿ. ಕಂಬಕ್ಕೊಬ್ಬರಂತೆ ಒರಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಊರ ಯಜಮಾನರು ಕೇಳಿಸದವರ ಹಾಗೆ ಸಮುದ್ರ ನೋಡಿದರು. ಹಿರಿಯ ಯಜಮಾನ ತುಆಲಾರ ಕೈಯ ಬೀಸಣಿಗೆ ಮಾತ್ರ ನಿಂತಿತು.

*

ಬದುಕಿದ್ದಾಗ, ಸಂಜೆಯಾದರೆ ಲಫಾಯೆಲೆಯ ಕಾಲಿಗೆ ಹುಚ್ಚು. ಸುಮ್ಮನೆ ಕುಳಿತರೆ ಸಾಕು, ಮೂಳೆಯೊಳಗೆ ಇರುವೆ ಹರಿದಂತೆ. ಎದ್ದು ನಡೆದರೆ ಮಾಯ. ಪ್ರಾರ್ಥನೆಯ ‘ಆಮೆನ್’ಗೆ ಮೊದಲೇ ಅಂಗಳದಲ್ಲಿರುತ್ತಿದ್ದ. ಮದುವೆಯ ಮನೆಯಲ್ಲಿ ತಾನಾಗಿ ಬಡಿಸಲು ನಿಲ್ಲುತ್ತಿದ್ದ. ಕರೆದವರಿಗೆ ಅದು ಲಾಭವೇ. ರಾಜಧಾನಿ ಅಪಿಯಾದ ಡಾಕ್ಟರು ರೋಗಕ್ಕೊಂದು ಹೆಸರು ಹೇಳಿದರು. ಅಷ್ಟರಲ್ಲಿ ಊರು ಅವನಿಗೆ ಬೇರೆಯೇ ಹೆಸರಿಟ್ಟಾಗಿತ್ತು.

ಮನೆತನದ ಯಜಮಾನಿಕೆಯ ಪಟ್ಟ ಅವನಿಗೆ ಬಂದ ದಿನ, ಸಭೆಯಲ್ಲಿ ಕಾಲು ಚಾಚಿ ಮೇಲೊಂದು ಚಾಪೆ ಹೊದ್ದ. ಚಾಚುವವರು ಹೊದೆಯಬೇಕು, ಅದು ಪದ್ಧತಿ. ಚಾಪೆಯೇ ಕುಣಿಯತೊಡಗಿದರೆ ಪದ್ಧತಿ ಏನು ಮಾಡೀತು? ಯಾರೋ ಕಿಸಕ್ಕೆಂದರು.

“ಮರ್ಯಾದೆಗೆಟ್ಟವನೇ, ಏಳಾಚೆ!” ತುಆಲಾ ಗದರಿದರು.

“ಏಳು ಅಂದಿದ್ರೆ ಸಾಕಿತ್ತು, ಯಜಮಾನ್ರೇ,” ಲಫಾಯೆಲೆ ಎದ್ದೇಬಿಟ್ಟ. “ಪಟ್ಟ ತಮ್ಮನಿಗಿರಲಿ. ನನಗೆ ಕಾವಾ ಚಿಪ್ಪು ಕೊಡಿ.”

ಬೇರು ಕಲಸಿದ ಆ ಪಾನೀಯವನ್ನು ತೆಂಗಿನ ಚಿಪ್ಪಿನಲ್ಲಿ ಕಂಬದಿಂದ ಕಂಬಕ್ಕೆ ಒಯ್ಯುವುದು ಪಟ್ಟವಿಲ್ಲದ ಎಳೆಯರ ಕೆಲಸ. ಲಫಾಯೆಲೆ ತಲೆ ನರೆತ ಮೇಲೂ ಒಯ್ದ, ಬೆನ್ನು ನೆಟ್ಟಗೆ ಮಾಡಿಕೊಂಡು. ಒಂದು ಹನಿ ಚೆಲ್ಲಲಿಲ್ಲ.

*

ಸಾವಿನ ಮನೆಯಲ್ಲಿ ಕಾವಾ ಕಲಸಿ ಆಯಿತು. ಮೊದಲ ಚಿಪ್ಪು ತುಆಲಾರಿಗೆಂದು ಕೂಗಿಯೂ ಆಯಿತು. ಒಯ್ಯುವವರಿಲ್ಲ. ಇನ್ನೊಬ್ಬರನ್ನು ತಯಾರು ಮಾಡಬೇಕೆಂದು ಇಷ್ಟು ವರ್ಷ ಯಾರಿಗೂ ಹೊಳೆದೇ ಇರಲಿಲ್ಲ.

ತುಆಲಾ ಕಂಬ ಹಿಡಿದು ಎದ್ದರು. ಸಭೆಯ ನಡುವೆ ಅವರು ಎದ್ದದ್ದನ್ನು ಯಾರೂ ಕಂಡಿರಲಿಲ್ಲ.

“ಕಾಲು ಜೋಮು ಹಿಡಿದಿದೆ. ನಗೋರು ನಕ್ಕೊಳ್ಳಿ.”

ಚಿಪ್ಪು ತುಂಬಿಸಿಕೊಂಡು, ತಟ್ಟಾಡುತ್ತ ನಡೆದು ಹೆಣದ ಕಾಲ ಬಳಿ ನಿಂತರು. “ಯಜಮಾನ ಲಫಾಯೆಲೆಗೆ ಕಾವಾ!” ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ಸಣ್ಣ ದನಿಯಲ್ಲಿ, “ಆ ಮಾತು ವಾಪಸ್ ತಗೊಂಡೆ ಕಣಮ್ಮ.”

ಲುಯಿಸಾ ಚಿಪ್ಪಿನೊಳಗೆ ಇಣುಕಿದಳು.

“ಅರ್ಧ ಚೆಲ್ಲಿದೀರಿ,” ಎಂದಳು.

ಚಾಪೆಯನ್ನೆಳೆದು ಗಂಡನ ಕಾಲಿಗೆ ಹೊದಿಸಿದಳು. ಅಂಚು ಜಾರದಂತೆ, ಪ್ರತಿ ರಾತ್ರಿಯ ಅಭ್ಯಾಸದಂತೆ, ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತಳು.