ಟೀಚರಮ್ಮನ ಎಡಗಣ್ಣು

"ಬಿಡಿ ಭಾವ, ಕೈ ಬಿಡಿ! ಗಾಜು ಒಡೆದ್ರೆ ಏನ್ಮಾಡ್ತೀರಿ?" ಎನ್ನುತ್ತ ಭಾಮೈದ ಫೋಟೋದ ಕಟ್ಟನ್ನು ತನ್ನ ಕಡೆಗೆ ಎಳೆದ. ಪಂಪಣ್ಣ ಬಿಡಲಿಲ್ಲ, ತಾನೂ ಎಳೆದ. ಹೆಂಡತಿ ತೀರಿಕೊಂಡು ಒಂದು ದಿನವೂ ಕಳೆದಿಲ್ಲ, ದೇಹ ಇನ್ನೂ ನಡುಮನೆಯಲ್ಲಿದೆ, ಇಲ್ಲಿ ಗೇಟಿನ ಹತ್ತಿರ ಭಾವ ಭಾಮೈದ ಅವಳ ಫೋಟೋ ಹಿಡಿದು ಹಗ್ಗಜಗ್ಗಾಟ ಆಡುತ್ತಿದ್ದಾರೆ. ಬಂದವರು ಹೂವು ಹಿಡಿದುಕೊಂಡು, ದಾರಿ ಬಿಟ್ಟರೆ ಸಾಕೆಂದು ಕಾಯುತ್ತಿದ್ದರು.

"ಇದು ಅವಳಲ್ಲ ಕಣಯ್ಯ," ಎಂದ ಪಂಪಣ್ಣ.

"ಅವಳಲ್ದೆ ಇನ್ಯಾರು? ನಮ್ಮಕ್ಕನ ಮುಖ ನನಗೆ ಗೊತ್ತಿಲ್ವಾ? ಸ್ಟುಡಿಯೋದವನು ಸ್ವಲ್ಪ ಸರಿ ಮಾಡಿದಾನೆ, ಅಷ್ಟೇ."

ಆ ಸ್ವಲ್ಪದಲ್ಲೇ ಎಲ್ಲ ಹೋಗಿತ್ತು. ಊರಿಗೆಲ್ಲ ಟೀಚರಮ್ಮನಾಗಿದ್ದ ಅವಳದು ಹುಟ್ಟಿನಿಂದಲೇ ಮೆಳ್ಳೆಗಣ್ಣು. ಬಲಗಣ್ಣು ನಿಮ್ಮನ್ನು ಮಾತಾಡಿಸುತ್ತಿದ್ದರೆ ಎಡಗಣ್ಣು ಪಕ್ಕದ ಮನೆಯವರ ಯೋಗಕ್ಷೇಮ ವಿಚಾರಿಸುತ್ತಿತ್ತು. "ಎತ್ತು ಏರಿಗೆ, ಕೋಣ ನೀರಿಗೆ" ಎಂದು ತನ್ನ ಕಣ್ಣುಗಳ ಬಗ್ಗೆ ಅವಳೇ ನಗುತ್ತಿದ್ದಳು. ಆ ಕೋಣವನ್ನು ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಎಳೆದು ತಂದು ಏರಿಗೆ ಹೂಡಿಬಿಟ್ಟಿದ್ದ. ಗಾಜಿನೊಳಗಿಂದ ಎರಡೂ ಕಣ್ಣಲ್ಲಿ ನೆಟ್ಟಗೆ ನೋಡುತ್ತಿದ್ದ ಹೆಂಗಸು ಯಾವುದೋ ಬ್ಯಾಂಕಿನ ಜಾಹೀರಾತಿನಿಂದ ಎದ್ದು ಬಂದವಳಂತಿದ್ದಳು.

"ಹಳೇದನ್ನೇ ಇಡು," ಎಂದ ಪಂಪಣ್ಣ.

"ಹಳೇದು ಹೆಬ್ಬೆರಳಿನಷ್ಟಿದೆ ಭಾವ, ಯಾರಿಗೆ ಕಾಣುತ್ತೆ? ಇನ್ನೊಂದು ಮಾಡಿಸೋಕೆ ಟೈಮೆಲ್ಲಿದೆ? ಮಧ್ಯಾಹ್ನಕ್ಕೆ ಗಾಡಿ ಬಂದುಬಿಡುತ್ತೆ."

ಎದುರುಮನೆ ದೊಡ್ಡಮ್ಮ ಗಾಯದ ಮೇಲೆ ಬರೆ ಎಳೆದರು. "ಎಷ್ಟು ಲಕ್ಷಣವಾಗಿ ಬಂದಿದೆ ನೋಡಪ್ಪ. ಇದ್ದಾಗಂತೂ ಆ ಭಾಗ್ಯ ಇರಲಿಲ್ಲ, ಹೋಗೋವಾಗಾದ್ರೂ ಕುಂದು ಇಲ್ದೆ ಹೋಗ್ಲಿ. ನೀನು ಒಳಗೆ ಹೋಗಿ ಕೂತ್ಕೋ."

ಬೆಳಿಗ್ಗೆಯಿಂದ ಎಲ್ಲರೂ ಅವನಿಗೆ ಹೇಳಿದ್ದು ಅದೊಂದೇ ಮಾತು, ಕೂತ್ಕೋ. ಊರಿನ ನೀರಿನ ಪಂಪುಗಳನ್ನೆಲ್ಲ ಬಿಚ್ಚಿ ಜೋಡಿಸಿ ಪಂಪಣ್ಣ ಅನ್ನಿಸಿಕೊಂಡಿದ್ದ ಮನುಷ್ಯನಿಗೆ ಇವತ್ತು ಒಂದು ಕುರ್ಚಿ ಎತ್ತಿಡುವುದಕ್ಕೂ ಯಾರೂ ಬಿಡುತ್ತಿರಲಿಲ್ಲ. ಕುರ್ಚಿಗಳೆಲ್ಲ ಭಾಮೈದನವು. ಕುರ್ಚಿ, ಟೇಬಲ್ಲು ಬಾಡಿಗೆಗೆ ಕೊಡುವುದೇ ಅವನ ಕಸುಬು. ಅಕ್ಕನ ಸಾವಿನ ಸುದ್ದಿ ಕೇಳಿದಾಗಿನಿಂದ ಅವನು ಒಂದು ಹನಿ ಕಣ್ಣೀರು ಹಾಕದೆ, ಯಾವುದೋ ದೊಡ್ಡ ಸಮಾರಂಭದ ಕಾಂಟ್ರಾಕ್ಟು ಹಿಡಿದವನ ಹಾಗೆ ಫೋನಿನಲ್ಲಿ ಕೂಗಾಡುತ್ತಿದ್ದ.

ಪಂಪಣ್ಣ ಕಟ್ಟು ಬಿಟ್ಟು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತ. ಭಾಮೈದ ಫೋಟೋವನ್ನು ಗೇಟಿನ ಬಳಿ ಒಂದು ಕುರ್ಚಿಯ ಮೇಲೆ ಇಟ್ಟ. ನಡುಮನೆಯಲ್ಲಿ ಮಲಗಿದ್ದವಳ ಮುಖ ನೋಡಿದ. ಮುಚ್ಚಿದ ಮೇಲೆ ಯಾರ ಕಣ್ಣಾದರೇನು, ಎರಡು ರೆಪ್ಪೆ, ಎರಡು ಗೆರೆ. ಅಲ್ಲೂ ಅವಳಿಲ್ಲ, ಹೊರಗಿನ ಫೋಟೋದಲ್ಲೂ ಇಲ್ಲ. ಮೂವತ್ತು ವರ್ಷ ಎದುರು ಕೂತು ಊಟ ಮಾಡಿದ ಮುಖ ಈ ಮನೆಯೊಳಗೆ ಎಲ್ಲೂ ಸಿಗುತ್ತಿಲ್ಲವಲ್ಲ ಎಂದು ಅವನಿಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

"ಬಂಗಾರದಂಥ ಹೆಂಗಸು," ಎಂದರು ಯಾರೋ.

"ತುಂಬಾ ಒಳ್ಳೆಯವರು," ಎಂದರು ಇನ್ಯಾರೋ.

"ಅಂಥವರು ಸಿಗಲ್ಲ ಬಿಡಿ."

ಇವಳು ಕೇಳಿಸಿಕೊಂಡಿದ್ದರೆ ಕೆಂಪು ಪೆನ್ನು ಹುಡುಕುತ್ತಿದ್ದಳು ಎಂದುಕೊಂಡ ಪಂಪಣ್ಣ.

* * *

ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಇಂಗ್ಲಿಷ್ ಕ್ಲಾಸು. ಹಗಲೆಲ್ಲ ದುಡಿದವರು ಸಂಜೆ ಬಂದು ಕಲಿಯುತ್ತಿದ್ದರು. ಒಮ್ಮೆ, ಮೊದಮೊದಲ ವರ್ಷಗಳಲ್ಲಿ, ಕರೆದುಕೊಂಡು ಹೋಗಲು ಬೇಗ ಬಂದಿದ್ದ ಪಂಪಣ್ಣ ಹಿಂದಿನ ಬೆಂಚಿನಲ್ಲಿ ಕೂತ. ಅವತ್ತು ವರ್ಣನೆಯ ಪಾಠ. ಎಲ್ಲರ ಕೈಗೂ ಒಂದೊಂದು ಪುಟ್ಟ ಕನ್ನಡಿ ಕೊಟ್ಟಿದ್ದಳು. ಮೊದಲು ನಿಮ್ಮ ಮುಖ ನೋಡಿಕೊಂಡು ಚಿತ್ರ ಬರೀರಿ, ಆಮೇಲೆ ಚಿತ್ರ ನೋಡಿಕೊಂಡು ಇಂಗ್ಲಿಷಿನಲ್ಲಿ ಐದು ವಾಕ್ಯ ಬರೀರಿ. ಇಷ್ಟೇ ಕೆಲಸ. ಆದರೆ ಆ ಕೋಣೆಯಲ್ಲಿ ಅದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು.

"ಐ ಹ್ಯಾವ್ ಟೂ ಐಸ್," ಎಂದು ಓದಿದ ಒಬ್ಬ ಪ್ಲಂಬರ್.

"ಎರಡು ಕಣ್ಣು ಯಾರಿಗಿಲ್ಲ? ನಿನ್ನವು ಹೇಗಿವೆ ಹೇಳು."

"ಚೆನ್ನಾಗಿವೆ ಮೇಡಂ."

"ಚೆನ್ನಾಗಿರೋದು ಮುಖದಲ್ಲಿ ಎಲ್ಲಿರುತ್ತಪ್ಪ? ಮೂಗಿನ ಮೇಲಾ, ಕೆಳಗಾ? ಕನ್ನಡಿ ನೋಡು!"

ಇನ್ನೊಬ್ಬ ಎದ್ದು, ಐ ಆ್ಯಮ್ ಎ ಸಿಂಪಲ್ ಮ್ಯಾನ್ ಎಂದ. ಅವಳು ಹಣೆ ಹಣೆ ಚಚ್ಚಿಕೊಂಡಳು. ಎಲ್ಲರ ಚಿತ್ರದಲ್ಲೂ ಒಂದೇ ಮುಖ, ನೇರ ಮೂಗು, ಬಾದಾಮಿ ಕಣ್ಣು, ಸಿನಿಮಾ ತುಟಿ. ಸಿಡುಬಿನ ಕಲೆಯವನು ಕಲೆ ಬಿಟ್ಟಿದ್ದ, ಬೋಳುತಲೆಯವನು ತಲೆತುಂಬ ಕೂದಲು ಬಿಡಿಸಿದ್ದ. ಕೊನೆಗೆ ಅವಳೇ ಚಾಕ್ ತೆಗೆದುಕೊಂಡು ಬೋರ್ಡಿನ ಮೇಲೆ ತನ್ನ ಮುಖ ಬರೆದಳು. ಎಡಗಣ್ಣಿನ ಗೊಂಬೆಯನ್ನು ಕಿವಿಯ ಪಕ್ಕಕ್ಕೇ ಇಟ್ಟಳು. ಹಿಂದಿನ ಬೆಂಚಿನ ಪಂಪಣ್ಣನ ಕಿವಿ ಬಿಸಿಯಾಯಿತು.

"ಯಾವುದನ್ನ ಮುಚ್ಚಿಡಬೇಕು ಅನ್ಸುತ್ತೋ ಅದರಿಂದಲೇ ಶುರು ಮಾಡಿ," ಎಂದಳು. "ಅದನ್ನ ಬಿಟ್ಟು ಬರೆದರೆ ಆ ಮುಖ ಯಾರದು ಬೇಕಾದರೂ ಆಗಬಹುದು."

ಆಮೇಲೆ ಗಂಡನ ಕೈಗೂ ಕನ್ನಡಿ ಕೊಟ್ಟಳು. ಅವನು ಬೆವರು ಸುರಿಸಿಕೊಂಡು, ಐ ಆ್ಯಮ್ ಹಸ್ಬೆಂಡ್ ಆಫ್ ಮೇಡಂ ಎಂದು ಬರೆದ. "ಇದು ಮುಖವೋ, ವಿಳಾಸವೋ?" ಎಂದು ಎಲ್ಲರ ಮುಂದೆ ಕೇಳಿದಳು. ಕೋಣೆಯೆಲ್ಲ ನಕ್ಕಿತು. ಅವತ್ತಿನಿಂದ ಪಂಪಣ್ಣ ಮೆಟ್ಟಿಲು ಹತ್ತಲಿಲ್ಲ. ಕೆಳಗೆ ಸ್ಕೂಟರಿನ ಮೇಲೆ ಹೆಲ್ಮೆಟ್ಟು ಹಾಕಿಕೊಂಡೇ ಕಾಯುತ್ತಿದ್ದ.

ವರ್ಷ ವರ್ಷವೂ ಅದೇ ಕನ್ನಡಿ, ಅದೇ ಗೋಳು. ಕೆಲಸ ಸಿಕ್ಕ ಕೂಡಲೇ ಅರ್ಧದಲ್ಲಿ ಬಿಟ್ಟು ಹೋಗುವವರು, ಪರೀಕ್ಷೆಗೆ ಉರು ಹೊಡೆಯುವವರು. ಬೇಸತ್ತು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಿದ್ದಳು. ಹೋದ ವಾರವೂ ಊಟಕ್ಕೆ ಕೂತು ಅದೇ ಮಾತು. "ಇಷ್ಟು ವರ್ಷ ಗಂಟಲು ಹರ್ಕೊಂಡೆ. ಇಂಗ್ಲಿಷ್ ಬರದಿದ್ರೆ ಹೋಗ್ಲಿ. ಒಬ್ಬರಾದ್ರೂ ನೋಡೋದು ಕಲಿತ್ರಾ ಹೇಳಿ?"

"ಕಲೀತಾರೆ ಬಿಡು," ಎಂದಿದ್ದ ಪಂಪಣ್ಣ, ಅನ್ನದ ತಟ್ಟೆಯಿಂದ ತಲೆ ಎತ್ತದೆ.

"ನೀವೂ ಸರಿ, ಅವರೂ ಸರಿ," ಎಂದು ಅವಳು ಎದ್ದು ಹೋಗಿದ್ದಳು.

* * *

ಕಿಟಕಿಯಿಂದ ನೋಡುತ್ತಿದ್ದ ಪಂಪಣ್ಣನಿಗೆ ಬೀದಿಯಲ್ಲಿ ಮೂವರು ಕಂಡರು. ವಾಚ್‌ಮನ್ ಬಟ್ಟೆಯಲ್ಲಿದ್ದ ಉದ್ದನೆಯವನೊಬ್ಬ, ತೋಳಿಗೆ ಚೀಲ ಸಿಕ್ಕಿಸಿಕೊಂಡ ಹೆಂಗಸೊಬ್ಬಳು, ದಪ್ಪ ಮೀಸೆಯವನೊಬ್ಬ. ಮೂವರಿಗೂ ಸೇರಿ ಒಂದು ಹೂವಿನ ಗೊಂಚಲು. ಗೇಟಿನ ಬಳಿ ನಿಂತು ಫೋಟೋ ನೋಡಿದರು. ವಾಚ್‌ಮನ್ ತಲೆ ಅಲ್ಲಾಡಿಸಿದ. ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ವಾಪಸು ಬಂದು ಮತ್ತೆ ನಿಂತರು, ಮತ್ತೆ ನೋಡಿದರು, ಮತ್ತೆ ಹೊರಟರು. ಮೂರನೆಯ ಸಲ ಬಂದಾಗ ಪಂಪಣ್ಣ ಎದ್ದ.

"ಎಲ್ಲಿಗಪ್ಪಾ? ಕೂತ್ಕೋ," ಎಂದರು ದೊಡ್ಡಮ್ಮ.

"ಕೂತೂ ಕೂತೂ ಸಾಕಾಯ್ತು ದೊಡ್ಡಮ್ಮ," ಎಂದು ಅವನು ಹೊರಗೆ ಬಂದ.

"ಯಾರ ಮನೆ ಹುಡುಕ್ತಿದೀರಿ?"

"ಇಂಗ್ಲಿಷ್ ಮೇಡಂ ಮನೆ ಸಾರ್," ಎಂದ ವಾಚ್‌ಮನ್. ಹೆಲ್ಮೆಟ್ಟಿಲ್ಲದ ಪಂಪಣ್ಣನನ್ನು ಅವರ್ಯಾರೂ ನೋಡಿರಲಿಲ್ಲ. "ತೀರ್ಕೊಂಡ್ರಂತೆ. ಅಂಗಡಿಯವನು ಇದೇ ಗೇಟು ಅಂತಾನೆ. ನೋಡಿದ್ರೆ ಇಲ್ಲಿ ಬೇರೆ ಯಾರೋ ಅಮ್ಮ ಹೋಗಿದಾರೆ. ಪಾಪ, ಒಂದೇ ಬೀದೀಲಿ ಎರಡು ಸಾವು."

"ಬೇರೆಯವರು ಅಂತ ಹೇಗೆ ಹೇಳ್ತೀಯ?"

"ಮೂಗು ಅವರದೇ ಸಾರ್. ಮುಂದಿನ ಹಲ್ಲಿನ ಸಂದೂ ಅವರದೇ. ತಂಗಿ ಇರಬಹುದು ಅಂದ್ಲು ಇವಳು. ಆದ್ರೆ ಕಣ್ಣು ಅಲ್ಲ. ನಮ್ಮ ಮೇಡಂ ಎಡಗಣ್ಣಿನ ಗೊಂಬೆ ಕಿವಿ ಕಡೆ ಹೋಗುತ್ತೆ."

"ಸುಮ್ನೆ ಕಿವಿ ಕಡೆ ಅಲ್ಲ, ಸ್ವಲ್ಪ ಮೇಲಕ್ಕೆ," ಎಂದಳು ಹೆಂಗಸು. ಅವಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳು. "ರೇಗಿದಾಗ ಇನ್ನೂ ಮೇಲೆ."

"ದಿನಾ ರೇಗೋರಲ್ಲ," ಎಂದ ಮೀಸೆಯವನು. ಅವನು ಲಾರಿ ಡ್ರೈವರು.

ಪಂಪಣ್ಣ ಗೇಟಿನ ಕಂಬಿ ಹಿಡಿದುಕೊಂಡ. ನಿನ್ನೆಯಿಂದ ಬಾರದ ಅಳು ಈಗ ತಡೆಯಲಾರದಷ್ಟು ಬಂತು. ಒಂದು ವಾರ, ಬರೀ ಒಂದು ವಾರ ಮುಂಚೆ ಈ ಮೂವರು ಈ ಬೀದಿಗೆ ಬಂದು ಇದೇ ಮಾತು ಆಡಬಾರದಾಗಿತ್ತೇ? ಅವಳು ಕೇಳಿಸಿಕೊಂಡು ಹೋಗಬಾರದಾಗಿತ್ತೇ?

"ಇದೇ ಮನೆ ಕಣ್ರಪ್ಪ," ಎಂದ. "ನಾನು ಅವಳ ಗಂಡ. ಅದು ಅವಳೇ, ಕಣ್ಣು ಮಾತ್ರ ಸ್ಟುಡಿಯೋದವನದು."

ಮೂವರೂ ಫೋಟೋ ನೋಡಿದರು, ಅವನನ್ನು ನೋಡಿದರು. ಪಾರ್ಲರಿನವಳು ಚೀಲದಿಂದ ಹುಬ್ಬು ತೀಡುವ ಪೆನ್ಸಿಲ್ ತೆಗೆದಳು. ವಾಚ್‌ಮನ್ ತನ್ನ ಕ್ಲಾಸಿನ ಚೀಲದಲ್ಲಿ ತಡಕಾಡಿ, ತಪ್ಪು ಬರೆದದ್ದನ್ನು ಅಳಿಸುವ ಬಿಳಿ ಬಣ್ಣದ ಸೀಸೆ ಕೊಟ್ಟ. "ಇದನ್ನ ಕಂಡ್ರೆ ಮೇಡಂಗೆ ಆಗ್ತಿರ್ಲಿಲ್ಲ," ಎಂದು ಹೇಳಿಯೂ ಕೊಟ್ಟ.

ಅಷ್ಟರಲ್ಲಿ ಭಾಮೈದ ಓಡಿ ಬಂದ. "ಏಯ್, ಏಯ್! ಏನ್ ನಡೀತಿದೆ ಇಲ್ಲಿ? ಯಾರಿವರು?"

"ನಿಮ್ಮಕ್ಕನ ಕ್ಲಾಸಿನವರು."

"ಯಾರಾದ್ರೇನು? ಮುಟ್ಟಬೇಡಿ ಅದನ್ನ!" ಅವನು ಫೋಟೋಗೆ ಅಡ್ಡ ನಿಂತ. "ನಿಮಗೇನು ಗೊತ್ತು ಭಾವ? ನೀವು ಬಂದಿದ್ದು ಆಮೇಲೆ. ಚಿಕ್ಕಂದಿನಲ್ಲಿ ಅಕ್ಕನ ಜೊತೆ ಬೀದಿಗೆ ಇಳಿದ್ರೆ ಹುಡುಗರೆಲ್ಲ ಕಣ್ಣು ಓರೆ ಮಾಡ್ಕೊಂಡು ಹಿಂದೆ ಬರೋರು. ಎಷ್ಟು ಜನರ ಹತ್ರ ಒದೆ ತಿಂದಿದೀನಿ ನಾನು! ಇವತ್ತೊಂದು ದಿನ ಯಾರೂ ಅವಳನ್ನ ನೋಡಿ ನಗಬಾರದು. ಅದಕ್ಕೇ ಮಾಡಿಸಿದ್ದು."

ಪಂಪಣ್ಣನಿಗೆ ಇದು ಗೊತ್ತಿರಲಿಲ್ಲ. ಸಿಟ್ಟು ಅರ್ಧ ಇಳಿಯಿತು, ಪೂರ್ತಿ ಇಳಿಯಲಿಲ್ಲ.

"ನಗ್ತಿಲ್ಲ ಕಣೋ," ಎಂದ. "ಗುರುತೇ ಹಿಡೀತಿಲ್ಲ. ಇವರು ಎರಡು ಸಲ ಬಂದು ಎರಡು ಸಲ ವಾಪಸು ಹೋದ್ರು."

ಭಾಮೈದ ಫೋಟೋದ ಮುಂದಿನಿಂದ ಪಕ್ಕಕ್ಕೆ ಸರಿದ. ಗಾಡಿ ಬಂದು ಗೇಟಿನ ಮುಂದೆ ನಿಂತಿತು. ಪಾರ್ಲರಿನವಳು ಮೊಣಕಾಲೂರಿ ಗಾಜಿನ ಮೇಲೆ ಬಿಳಿ ಚುಕ್ಕೆ ಇಟ್ಟಳು. ಸ್ಟುಡಿಯೋದವನ ಎಡಗಣ್ಣು ಮುಚ್ಚಿಹೋಯಿತು. ಊದಿ ಊದಿ ಒಣಗಿಸಿ ಪೆನ್ಸಿಲ್ ಹಿಡಿದಳು.

"ಎಲ್ಲಿಗೆ?"

"ಇನ್ನೂ ಆಚೆ," ಎಂದ ವಾಚ್‌ಮನ್.

"ಅಷ್ಟಲ್ಲಪ್ಪ, ಬಿಳಿ ಒಂದು ಎಳೆ ಉಳೀಬೇಕು ಆ ಕಡೆ," ಎಂದ ಡ್ರೈವರು.

"ಸುತ್ತ ಅಂಚು ಕಪ್ಪು, ಒಳಗೆ ಕಂದು," ಎಂದ ಪಂಪಣ್ಣ. ತಾನು ಇಷ್ಟು ನೋಡಿಟ್ಟುಕೊಂಡಿದ್ದೆನೇ ಎಂದು ಅವನಿಗೇ ಆಶ್ಚರ್ಯವಾಯಿತು. "ಸ್ವಲ್ಪ ಮೇಲೆ. ಇನ್ನೊಂದು ಚೂರು. ಹಾಂ, ಸಾಕು."

ಅವಳು ಕೈ ತೆಗೆದಳು. ಕೆಲಸ ಒರಟಾಗಿತ್ತು, ಬಿಳಿ ಬಣ್ಣ ರೆಪ್ಪೆಯ ಮೇಲೂ ಹತ್ತಿತ್ತು. ಆದರೆ ಇಂಗ್ಲಿಷ್ ಟೀಚರು ಬೀದಿಯನ್ನೂ ಮನೆಯನ್ನೂ ಒಟ್ಟಿಗೆ ಗದರಿಸುವ ಹಾಗೆ ನೋಡುತ್ತಿದ್ದಳು.

"ಅಕ್ಕಾ," ಎಂದ ಭಾಮೈದ. ಅಲ್ಲೇ ತನ್ನ ಬಾಡಿಗೆ ಕುರ್ಚಿಯ ಮುಂದೆ ಕುಸಿದು ಕೂತು ಮಕ್ಕಳ ಹಾಗೆ ಅತ್ತುಬಿಟ್ಟ. ಗಾಡಿಯವನು ಹಾರ್ನ್ ಹೊಡೆದರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಜೇಬಿನಿಂದ ಕರವಸ್ತ್ರ ತೆಗೆದ. ಮೂಗು ಒರೆಸಿಕೊಳ್ಳಲಿಲ್ಲ, ಗಾಜು ಒರೆಸತೊಡಗಿದ. ಪಾರ್ಲರಿನವಳು ಎದ್ದು ನಿಂತಳು. ಪಂಪಣ್ಣ ಆ ಕೈಯನ್ನೇ ನೋಡಿದ. ಭಾಮೈದ ಹಣೆಯ ಧೂಳು ಒರೆಸಿದ, ಬಲಗೆನ್ನೆ ಒರೆಸಿದ, ಗದ್ದದ ಮೇಲಿನ ಬೆರಳಚ್ಚುಗಳನ್ನು ತಿಕ್ಕಿ ತಿಕ್ಕಿ ತೆಗೆದ. ಎಡಗಣ್ಣಿನ ಹತ್ತಿರ ಬಂದಾಗ ಕರವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ರೆಪ್ಪೆಯ ಮೇಲೆ ಹತ್ತಿದ್ದ ಬಿಳಿಯನ್ನಷ್ಟೇ ಮೆಲ್ಲಗೆ ಕೆರೆದು, ಕಪ್ಪು ಚುಕ್ಕೆಗೆ ತಾಗದ ಹಾಗೆ ಸುತ್ತುಹಾಕಿ ಹೋದ.