ಎದುರು ಪಕ್ಷದ ದುಭಾಷಿ

ಜವಾನ ಯಾರ ಹೆಸರನ್ನು ಕೂಗಿದರೂ ಸೋಮ್ವಾರಿ ಎದ್ದು ನಿಲ್ಲುತ್ತಿದ್ದಳು. ಬೆಳಗಿನಿಂದ ಕೋರ್ಟಿನ ಜಗಲಿಯಲ್ಲಿ ಕೂತಿರುವುದು, ಕೂಗು ಕೇಳಿದ ಕೂಡಲೇ ಸೆರಗು ಸರಿಮಾಡಿಕೊಂಡು ಏಳುವುದು, ನಾನು ಅಲ್ಲವೆಂದು ತಲೆಯಾಡಿಸಿದರೆ ಮತ್ತೆ ಕೂರುವುದು. ನಾನು ಅವಳ ವಕೀಲ. ಅವಳ ಭಾಷೆ ಮುಂಡಾರಿ. ನಮ್ಮೂರಲ್ಲಿ ಅದನ್ನು ಬಲ್ಲವರೇ ಇರಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಮುರುಕು ಹಿಂದಿಯ ನಾಲ್ಕಾರು ಮಾತು, ಉಳಿದದ್ದೆಲ್ಲ ಕೈಸನ್ನೆ.

ಅವಳು ರಸ್ತೆ ಕೆಲಸಕ್ಕೆ ದೂರದಿಂದ ಬಂದವಳು. ಗುತ್ತಿಗೆದಾರ ಕೂಲಿಗಳನ್ನು ಅವಸರದಲ್ಲಿ ಲಾರಿಗೆ ತುಂಬಿ ಬೇರೆ ಊರಿಗೆ ಸಾಗಿಸಿದಾಗ, ಗುಡಿಸಲಲ್ಲಿ ಮಲಗಿದ್ದ ಮಗಳು ಇಲ್ಲೇ ಉಳಿದಳು. ಹಿಂದಿನ ಲಾರಿಯಲ್ಲಿ ಬರುತ್ತಾಳೆ ಎಂದು ಯಾರೋ ಹೇಳಿದ್ದರಂತೆ. ಹುಡುಕಿಕೊಂಡು ಅವಳು ಮರಳುವಷ್ಟರಲ್ಲಿ ಎರಡು ವರ್ಷ ಕಳೆದು, ಮಗು ಗಿರಿಜಾಂಬ ಎಂಬವರ ಮನೆಯಲ್ಲಿ ಪುಟ್ಟಿಯಾಗಿ ಬೆಳೆಯುತ್ತಿತ್ತು. ಗಿರಿಜಾಂಬ ಮತ್ತು ಅವರ ಗಂಡ ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟೋ ಸಲೀಸಾಗುತ್ತಿತ್ತು. ಮಕ್ಕಳಿಲ್ಲದ ಆ ದಂಪತಿ ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು.

ಡಿಎನ್‌ಎ ಪರೀಕ್ಷೆ ಬರುವ ಮೊದಲಿನ ಕಾಲ ಅದು; ಸೋಮ್ವಾರಿಯೇ ತಾಯಿ ಎಂಬುದಕ್ಕೆ ಅವಳ ಮಾತಲ್ಲದೆ ಬೇರೆ ಆಧಾರವಿರಲಿಲ್ಲ. ಆ ಮಾತು ಕಟಕಟೆಯಲ್ಲಿ ಬರಬೇಕಿತ್ತು. ದುಭಾಷಿ ಬೇಕೆಂದು ಅರ್ಜಿ ಹಾಕಿದೆ.

"ದುಭಾಷಿಗೆ ಕೊಡೋಕೆ ಕೋರ್ಟ್ ಹತ್ರ ದುಡ್ಡಿಲ್ಲ ವಕೀಲರೇ," ಎಂದರು ನ್ಯಾಯಾಧೀಶರು. "ಯಾರು ಬೇಕಾದ್ರೂ ಕರ್ಕೊಂಡು ಬರ್ಲಿ. ಇಲ್ಲಿ ಮೊದಲಿಂದ್ಲೂ ಹೀಗೇ."

ಮೊದಲಿಂದಲೂ ಹೀಗೇ ಎಂದಮೇಲೆ ಮುಗಿಯಿತು, ಅದಕ್ಕಿಂತ ದೊಡ್ಡ ಕಾನೂನು ನಮ್ಮ ಕೋರ್ಟಿನಲ್ಲಿರಲಿಲ್ಲ. ಗೊತ್ತಿದ್ದ ಕಡೆಗೆಲ್ಲ ಹೇಳಿಕಳಿಸಿದೆ, ಯಾರೂ ಸಿಗಲಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿತ್ತು.

ಕೊನೆಗೆ ದುಭಾಷಿಯನ್ನು ಹುಡುಕಿದವರು ಗಿರಿಜಾಂಬರ ಗಂಡ. "ಏನಾದ್ರೂ ಒಂದು ತೀರ್ಮಾನ ಆಗ್ಲಿ ಸಾರ್. ನಮ್ಮನೆಯವಳಿಗೆ ಊಟ ಸೇರ್ತಿಲ್ಲ, ನಿದ್ದೆ ಇಲ್ಲ," ಎಂದರು. ಯಾವುದೋ ಮಿಷನ್ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಪೌಲುಸ್ ಎಂಬ ಮುದುಕನನ್ನು ತಮ್ಮ ಕಾರಿನಲ್ಲೇ ಕರೆತಂದರು. ಅವನ ಕೂಲಿ, ಊಟ ಎಲ್ಲ ಅವರದೇ. ನಾನು ಆಕ್ಷೇಪಿಸಿದೆ. "ಹಾಗಾದ್ರೆ ನೀವೇ ಒಬ್ಬರನ್ನ ತನ್ನಿ," ಎಂದರು ನ್ಯಾಯಾಧೀಶರು. ತರಲು ಯಾರಿದ್ದರು?

ಪೌಲುಸ್ ಪ್ರಾಮಾಣಿಕ, ಆಣೆ ಮಾಡಿ ಹೇಳುತ್ತೇನೆ. ಅವನು ಜಗಲಿಗೆ ಬಂದು ತಮ್ಮ ಭಾಷೆಯಲ್ಲಿ ಮಾತಾಡಿಸಿದಾಗ ಸೋಮ್ವಾರಿಯ ಮುಖ ಅರಳಿತು. ಆಮೇಲೆ ಅವನು ಇಳಿದುಬಂದ ಕಾರನ್ನು ನೋಡಿದಳು. ಅದರೊಳಗೆ ಅವಳ ಮಗಳು ಕೂತಿದ್ದಳು.

ಮಗುವಿನ ಬಗ್ಗೆ ತಾಯಿಗೆ ಮಾತ್ರ ಗೊತ್ತಿರುವಂಥದ್ದು ಏನಾದರೂ ಇದೆಯೇ ಎಂದು ಕಟಕಟೆಯಲ್ಲಿ ಕೇಳಿದೆ. ಪೌಲುಸ್ ಅದನ್ನು ಅವಳಿಗೆ ಹೇಳಿದ. ಅವಳು ಬಾಯಿ ಬಿಡಲಿಲ್ಲ. ಅವನು ಮತ್ತೆ ಕೇಳಿದ, ಬೇಡಿಕೊಂಡ.

"ನಾನು ಅವರ ಕಡೆ ಮನುಷ್ಯ ಅಂತ ಹೆದರಿದಾಳೆ ಸಾಹೇಬ್ರೇ. ಹೇಳಿದ್ರೆ ಅದನ್ನೂ ಅವರಿಗೆ ಕೊಟ್ಬಿಡ್ತೀನಿ ಅಂತ."

'ಸಾಕ್ಷಿ ಉತ್ತರಿಸಲಿಲ್ಲ' ಎಂದಷ್ಟೇ ಟೈಪಾಯಿತು.

ತೀರ್ಪಿನ ದಿನವೂ ಪೌಲುಸ್ ಅದೇ ಕಾರಿನಲ್ಲಿ ಬಂದ. ಮಗು ಗಿರಿಜಾಂಬರ ಬಳಿಯೇ ಉಳಿಯಬೇಕೆಂದಾಯಿತು. ಮುಂದೆ ನಾನು ಮೇಲಿನ ಕೋರ್ಟಿಗೂ ಹೋಗಿ ಸೋತೆ. ಆದರೆ ನನ್ನ ಪಾಲಿಗೆ ಮೊಕದ್ದಮೆ ಮುಗಿದದ್ದು ಅವತ್ತೇ, ಜಗಲಿಯಲ್ಲಿ.

ಸೋಮ್ವಾರಿ ಅಳಲಿಲ್ಲ. ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮೆಲ್ಲಗೆ ಏನೋ ಹೇಳಿದಳು. ಮಗು ಗಿರಿಜಾಂಬರ ಸೆರಗಿನ ಮರೆಯಿಂದ ಇಣುಕಿ, "ತಾತಾ, ಇವ್ರು ಏನಂತಾರೆ?" ಎಂದು ಪೌಲುಸನನ್ನು ಕೇಳಿತು.

ಆಗ ಸೋಮ್ವಾರಿ ಅವನ ಕಡೆ ತಿರುಗಿ ಮಾತಾಡಿದಳು. ಅವನು ಅಷ್ಟನ್ನೂ ಕೇಳಿಸಿಕೊಂಡು ಗಿರಿಜಾಂಬರಿಗೆ ಹೇಳಿದ:

"ಚಳಿ ಬಿತ್ತಂದ್ರೆ ಮಗೂಗೆ ಎಡದ ಕಿವಿ ಸೋರ್ತದಂತೆ ಅಮ್ಮಾ. ರಾತ್ರಿಯೆಲ್ಲ ಅಳ್ತದಂತೆ. ಬೆಚ್ಚಗೆ ಬಟ್ಟೆ ಕಟ್ಬೇಕಂತೆ."

"ಗೊತ್ತು," ಎಂದರು ಗಿರಿಜಾಂಬ. ಮಗುವನ್ನು ಎತ್ತಿಕೊಂಡು, ಅದರ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡೇ ಕಾರಿನ ಕಡೆ ನಡೆದರು.