ಸದ್ದು ಅಡಗಿದ ತೊಟ್ಟಿ

ಪೈಪು ಅಂಟಿಸುವ ಸಲ್ಯೂಷನ್ನಿನ ವಾಸನೆ ಮೂಗಿಗೆ ಅಡರಿಕೊಂಡಿದೆ, ಸೀನು ಬಂದರೆ ಕೈ ಅಲುಗುತ್ತದೆ, ಕೈ ಅಲುಗಿದರೆ ಪೈಪಿನ ತಿರುವಿಗೆ ಕೂರಿಸಿದ ಎಲ್ಬೋ ಜಾರುತ್ತದೆ, ಆದ್ದರಿಂದ ಸೀನಬಾರದು — ನಲವತ್ತಮೂರು ವರ್ಷದ ಗಂಡಸು ಮೀನಿನ ತೊಟ್ಟಿಯ ಕೆಳಗಿನ ಕಪಾಟಿನೊಳಗೆ ಮೊಣಕಾಲನ್ನು ಗದ್ದಕ್ಕೆ ಆನಿಸಿಕೊಂಡು ಕೂತು ಸೀನು ನುಂಗುತ್ತಿದ್ದಾನೆ, ಕಂಡವರು ನಕ್ಕಾರು, ನಗಲಿ, ಪೈಪನ್ನು ಓರೆಯಾಗಿ ಕೊಯ್ದದ್ದು ತಾನೇ ತಾನೆ, ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಕೂದಲೆಳೆ ತಪ್ಪದಂತೆ ಉಜ್ಜುವ ಕೈ ಒಂದು ಪ್ಲಾಸ್ಟಿಕ್ ಪೈಪಿನ ಮುಂದೆ ಮಾನ ಕಳೆದುಕೊಂಡಿತು, ಈಗ ಅಂಟು ಬಿಗಿಯುವವರೆಗೆ ಅನುಭವಿಸು. ಎಡಗೈ ಎಲ್ಬೋ ಹಿಡಿದಿದೆ, ಬಲಗೈ ವಾಲ್ವಿನ ಮೇಲಿದೆ, ಪಕ್ಕೆಗೆ ಸಂಪಿನ, ಎಂದರೆ ಕೆಳತೊಟ್ಟಿಯ, ಗಾಜು ತಣ್ಣಗೆ ಒತ್ತುತ್ತಿದೆ, ತಲೆಯ ಮೇಲೆ ನಾನೂರು ಲೀಟರ್ ನೀರು, ಹದಿನಾಲ್ಕು ಮೀನು. ಬೀದಿಯ ಗಲಾಟೆ ಕಿವಿಗೆ ಬೀಳದಿರಲೆಂದು ಕಪಾಟಿನ ಬಾಗಿಲನ್ನೂ ಎಳೆದುಕೊಂಡಾಗಿದೆ, ಎರಡು ಬೆರಳಷ್ಟು ಸಂದು ಉಳಿದಿದೆ, ಸಂದಿನಲ್ಲಿ ನಡುಮನೆಯ ನೆಲ ಕಾಣುತ್ತದೆ.

ಅತ್ತಿಗೆಗೆ ಹೇಳಿಲ್ಲ, ಅಣ್ಣನಿಗೂ ಹೇಳಿಲ್ಲ, ಸಂಜೆಯವರೆಗೆ ಅಂಗಡಿಯಲ್ಲಿರುತ್ತೇನೆ ಎಂದು ಹೇಳಿ ಹೋದವನು ಅರ್ಧ ದಿನ ರಜೆ ಹಾಕಿ ಹಿಂಬಾಗಿಲಿನಿಂದ ಕಳ್ಳನ ಹಾಗೆ ನುಗ್ಗಿದ್ದಾನೆ, ಅವರು ಹೊರಗಿನಿಂದ ಬರುವಷ್ಟರಲ್ಲಿ ಮುಗಿದಿರಬೇಕು, ಅತ್ತಿಗೆ ಒಳಗೆ ಕಾಲಿಟ್ಟು ಕಿವಿಗೊಟ್ಟು ನಿಲ್ಲಬೇಕು — ಹನ್ನೊಂದು ವರ್ಷದಿಂದ ಅವಳದು ಒಂದೇ ಮಾತು, ಇದೇನೋ ಇದು, ಇಡೀ ದಿನ ಯಾರೋ ಬಾಯಿ ಮುಕ್ಕಳಿಸ್ತಾ ಇರೋ ಹಾಗೆ, ಉಗಿಯೋದೂ ಇಲ್ಲ ನೋಡು. ಮೇಲಿನ ತೊಟ್ಟಿಯಿಂದ ತುಂಬಿ ಹರಿದ ನೀರು ಕೆಳಗಿನ ಸಂಪಿಗೆ ಇಳಿಯುವಾಗ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ, ಸದ್ದೆಲ್ಲ ಗಾಳಿಯದು, ನೀರಿನದಲ್ಲ, ಅದಕ್ಕೇ ಈ ಮೂರು ಪೈಪು: ಒಂದರಲ್ಲಿ ಬಾಯ್ತುಂಬ ನೀರು, ವಾಲ್ವು ಬಿಗಿದು ಗಾಳಿಗೆ ಜಾಗವೇ ಇಲ್ಲದಂತೆ ಮಾಡಬೇಕು, ಇನ್ನೊಂದಕ್ಕೆ ಮಿಕ್ಕ ಹನಿ, ಮೂರನೆಯದು ಒಣಗಿಕೊಂಡೇ ಇರಬೇಕು, ಮೊದಲಿನವೆರಡೂ ಕೈಕೊಟ್ಟ ದಿನ ಮನೆ ಮುಳುಗದಿರಲಿ ಎಂದು, ಆ ಆಪತ್ಕಾಲದ ಪೈಪಿನ ಎಲ್ಬೋವನ್ನೇ ಅವನೀಗ ಹಿಡಿದು ಕೂತಿರುವುದು. ವಾಲ್ವನ್ನು ಒಂದು ಎಳ್ಳಷ್ಟು ತಿರುಗಿಸಿ ಕಾಯಬೇಕು, ಇನ್ನೊಂದು ಎಳ್ಳಷ್ಟು, ಮತ್ತೆ ಕಾಯಬೇಕು — ಗುಳುಗುಳು ಸಣ್ಣದಾಯಿತು, ಬುಸ್ ಎಂದಿತು, ಬುಸ್ಸೂ ತೆಳುವಾಯಿತು, ಆಮೇಲೆ ಇಲ್ಲವೇ ಇಲ್ಲ. ನಿಂತುಹೋಯಿತೇ? ಇಲ್ಲ, ಪೈಪು ಕೈಯಡಿ ಸಣ್ಣಗೆ ನಡುಗುತ್ತಿದೆ, ನೀರು ಓಡುತ್ತಲೇ ಇದೆ, ಸದ್ದು ಮಾತ್ರ ಸತ್ತಿದೆ. ಅಬ್ಬಾ, ಎಂಥ ಖುಷಿ, ಎದ್ದು ಕುಣಿಯೋಣವೆಂದರೆ ತಲೆ ಹಲಗೆಗೆ ಬಡಿಯುತ್ತದೆ.

ಬೀಗ ತೆಗೆದ ಸದ್ದು, ಅತ್ತಿಗೆಯ ಬಳೆ, ಅಣ್ಣನ ಕೆಮ್ಮು, ಇಷ್ಟು ಬೇಗ ಬಂದುಬಿಟ್ಟರೇ, ಇರಲಿ, ಭೋ ಎಂದು ಹೊರಗೆ ಬಂದು ಬೆಚ್ಚಿಬೀಳಿಸಿದರಾಯಿತು, ಅಂಟು ಇನ್ನೊಂದಿಷ್ಟು ಬಿಗಿಯಲಿ — ಇಬ್ಬರೂ ನೇರ ತೊಟ್ಟಿಯ ಮುಂದಿನ ಸೋಫಾಕ್ಕೇ ಬಂದರು, ಯಾವಾಗಲೂ ಹಾಗೆಯೇ, ಹೊರಗಿಂದ ಬಂದವರು ಅಲ್ಲಿಯೇ ಕೂರುತ್ತಾರೆ, ಭಾನುವಾರ ಮಧ್ಯಾಹ್ನವೂ ಅಲ್ಲಿಯೇ, ಅವರಿಗೂ ಮೀನೆಂದರೆ ಪ್ರಾಣ ಎಂದು ಅಂಗಡಿಯವರ ಮುಂದೆ ಎಷ್ಟು ಸಲ ಬೀಗಿದ್ದಾನೆ. ಅತ್ತಿಗೆ ಶುರು ಮಾಡಿದಳು, ಪ್ರಮೋಷನ್ನೂ ಬೇಡ, ಟ್ರಾನ್ಸ್‌ಫರೂ ಬೇಡ ಅಂತ ಬರೆದುಕೊಟ್ರೆ ಇದು ಮೂರನೇ ಸಲ ಆಗತ್ತೆ ರೀ, ನಾಲ್ಕನೇ ಸಲ ಬ್ಯಾಂಕಿನವರು ಕೇಳೋದೂ ಇಲ್ಲ. ಗೊತ್ತು ಕಣೇ. ನಾಳೆ ಹತ್ತು ಗಂಟೆಯೊಳಗೆ ಅಲ್ವಾ? ಹೂಂ. ಹೋಗೋಣ ರೀ, ಒಂದು ಸಲ ನಮ್ಮಿಬ್ಬರದೇ ಅಂತ ಒಂದು ಮನೆ, ನನಗೂ ನಲವತ್ತೆಂಟಾಯ್ತು. ಮತ್ತೆ ಪಾಪು?

ಪಾಪು ಎಂದರೆ ಇವನೇ, ಕಿವಿಯ ಪಕ್ಕದ ಕೂದಲು ನೆರೆತರೂ ಅಣ್ಣನಿಗೆ ಇವನು ಪಾಪುವೇ. ಅವನನ್ನ ಎಲ್ಲಿ ಬಿಟ್ಟು ಹೋಗ್ಲಿ, ಹೇಳು, ಮೀನಿಗೆ ಊಟ ಹಾಕಿ ತಾನು ಬರೀ ಹೊಟ್ಟೇಲಿ ಮಲಗೋ ಗಿರಾಕಿ ಅವನು, ಅಣ್ಣನ ದನಿ, ಸ್ಪಷ್ಟ, ಕಿವಿಯಲ್ಲೇ ಹೇಳಿದಂತೆ — ಈ ದನಿ ಇಷ್ಟು ಸ್ಪಷ್ಟವಾಗಿ ಇವನ ಕೋಣೆಗೆ ಎಂದೂ ಕೇಳಿದ್ದಿಲ್ಲ, ಕೇಳಿದ್ದರೂ ಗುಳುಗುಳುವಿನಲ್ಲಿ ಕಲಸಿಹೋದದ್ದೇ, ಹಾಗಾದರೆ ಮೀನು ನೋಡಲು ಅಲ್ಲ, ಅಯ್ಯೋ ದಡ್ಡ ಶಿಖಾಮಣಿ, ಮೀನು ನೋಡಲು ಅಲ್ಲ, ತೆಳುಗೋಡೆಯ ಮನೆಯಲ್ಲಿ ಗಂಡ ಹೆಂಡತಿ ತಮ್ಮ ಮಾತು ತಾವು ಆಡಿಕೊಳ್ಳಲು ಇದ್ದ ಜಾಗ ಇದೊಂದೇ, ಹನ್ನೊಂದು ವರ್ಷ ಸದ್ದಿನ ಮರೆಯಲ್ಲಿ ಕೂತು ಮಾತಾಡಿದ್ದಾರೆ, ಆ ಮರೆಯನ್ನು ಇವತ್ತು ಇವನೇ ಕೈಯಾರೆ ಕಿತ್ತುಹಾಕಿದ. ಅವನ ಮೇಲೆ ನನಗೆ ಕೋಪ ಇಲ್ಲ ರೀ, ಅತ್ತಿಗೆ ಅಳುತ್ತಿದ್ದಾಳೆಯೇ, ಅಳುತ್ತಿದ್ದಾಳೆ, ಆದ್ರೆ ಅವನು ಮಗು ಅಲ್ಲ, ಬಾಯಿ ಬಿಟ್ಟು ಹೇಳಿ. ಹೇಳಿದ್ರೆ ಒಡೆದುಹೋಗ್ತಾನೆ ಕಣೇ.

ಒಡೆದುಹೋಗುವುದು! ಯಾರು ಯಾರಿಗಾಗಿ ಕೂತಿರುವುದು ಈ ಮನೆಯಲ್ಲಿ — ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದವಳು ಬೇರೆ ಊರಿನಲ್ಲಿ ಸ್ವಂತ ಅಂಗಡಿ ತೆರೆಯಲು ಹೊರಟಾಗ ಕೇಳಿದ್ದಳು, ನೀವೂ ಬರ್ತೀರಾ, ಗಾಜು ನೀವು ನೋಡ್ಕೊಳ್ಳಿ, ಕಣ್ಣು ನಾನು ನೋಡ್ಕೋತೀನಿ, ನಕ್ಕಿದ್ದಳು, ಕೆಂಪಾಗಿದ್ದಳು, ಬರೀ ಅಂಗಡಿಯ ಮಾತಲ್ಲ ಅದು ಎಂದು ಇವನಿಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಿದ, ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ, ನಾನೂ ಹೊರಟರೆ ಅವರ ಮನೆ ಬಣಗುಟ್ಟುತ್ತೆ — ಏಳು ವರ್ಷವಾಯಿತು, ಆ ದೊಡ್ಡ ಮಾತನ್ನು ನೆನೆದು ಎಷ್ಟು ಸಲ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಾನೆ, ತ್ಯಾಗವಂತೆ ತ್ಯಾಗ, ಬಣಗುಡುವ ಮನೆಯನ್ನೇ ಅವರು ಆಸೆಪಟ್ಟು ಕೇಳುತ್ತಿದ್ದರು, ಇವನು ಅವರನ್ನು ಕಾದ, ಅವರು ಇವನನ್ನು ಕಾದರು, ಮೂವರೂ ಒಬ್ಬರ ಮೇಲೊಬ್ಬರು ಕರುಣೆ ಹೇರಿಕೊಂಡು ಉಸಿರುಗಟ್ಟಿ ಕೂತರು. ಹೋಗು ಮಾರಾಯ, ಹೋಗು ಎಂದು ಕೂಗಬೇಕು, ಕೂಗಿದರೆ ಕೇಳಿಸಿಕೊಂಡದ್ದು ಗೊತ್ತಾಗುತ್ತದೆ, ಕೂಗದಿದ್ದರೆ ನಾಳೆ ಹತ್ತು ಗಂಟೆಗೆ ಅಣ್ಣ ಬೇಡ ಎಂದು ಬರೆದುಕೊಡುತ್ತಾನೆ. ನಿಜ ಹೇಳಬೇಕೆಂದರೆ ಭಯವಾಗುತ್ತಿದೆ, ಅವರು ಹೊರಟರೆ ಈ ಮನೆಯಲ್ಲಿ ಇವನನ್ನು ಪಾಪು ಎಂದು ಕರೆಯುವವರು ಯಾರು.

ಅತ್ತಿಗೆ ಎದ್ದು ಮುಖ ತೊಳೆಯಲು ಹೋದಳು. ಅಣ್ಣ ಸೋಫಾದಲ್ಲೇ ಇದ್ದಾನೆ, ಸಂದಿನಲ್ಲಿ ಅವನ ಬಲಗಾಲು, ಹೆಬ್ಬೆರಳು, ಸೊಟ್ಟಗೆ ಬೆಳೆದ ಆ ಉಗುರು — ಇದೇ ತೊಟ್ಟಿಯನ್ನು ಇಬ್ಬರೂ ಮೆಟ್ಟಿಲು ಹತ್ತಿಸುವಾಗ ಇವನ ತುದಿ ಜಾರಿತು, ಭಾರವೆಲ್ಲ ಅಣ್ಣನ ಕಡೆ ವಾಲಿ ಗಾಜಿನ ಅಂಚು ಬೆರಳ ಮೇಲೆ ಕೂತಿತು, ರಕ್ತ ಬಂತು, ಬಿಡಣ್ಣಾ ಬಿಡು, ಒಡೆದರೆ ಒಡೀಲಿ ಎಂದು ಇವನು ಅರಚಿದರೂ ಅಣ್ಣ ಹಲ್ಲು ಕಚ್ಚಿಕೊಂಡು, ಕಾಲ್ಬೆರಳನ್ನು ಮಡಚಿ ಮೆಟ್ಟಿಲಿಗೆ ಒತ್ತಿ ನಿಂತ, ಕೈಬಿಡಲಿಲ್ಲ. ಆಮೇಲೆ ಉಗುರು ಕಪ್ಪಾಗಿ ಉದುರಿ, ಹೊಸದು ಬಂದಾಗ ಸೊಟ್ಟ. ಅದರ ಬಗ್ಗೆ ಒಂದು ದಿನವೂ ಮಾತೆತ್ತಿದವನಲ್ಲ, ಈಗ ಆ ಬೆರಳು ನೆಲದ ಮೇಲೆ ಅಲುಗದೆ ಇದೆ, ಅಣ್ಣ ಏನನ್ನೋ ಆಲಿಸುತ್ತಿದ್ದಾನೆ.

ಸದ್ದೇ ಇಲ್ವಲ್ಲ ಇದಕ್ಕೆ, ಅಣ್ಣ ತನಗೆ ತಾನೇ ಅಂದುಕೊಂಡ, ಕರೆಂಟು ಇದೆಯಲ್ಲ, ನೀರೂ ಆಡ್ತಾ ಇದೆ. ಪಾದಗಳು ಎದ್ದವು, ಒಂದು ಹೆಜ್ಜೆ, ಇನ್ನೊಂದು, ಕಪಾಟಿನ ಮುಂದೆ ನಿಂತವು, ಸೊಟ್ಟ ಉಗುರು ಇವನ ಮುಖದಿಂದ ಎರಡು ಗೇಣು ದೂರ. ಈ ಸದ್ದನ್ನು ಹೀಗೆ ನಿಲ್ಲಿಸಬಲ್ಲವನು ಈ ಮನೆಯಲ್ಲಿ ಒಬ್ಬನೇ, ಅದು ಅಣ್ಣನಿಗೂ ಹೊಳೆಯಿತು, ಹೊಳೆದದ್ದು ಇವನಿಗೂ ತಿಳಿಯಿತು, ಅಣ್ಣ ಉಸಿರು ಎಳೆದುಕೊಂಡದ್ದೂ ಕೇಳಿಸಿತು, ಬಾಗಿಲಿಗೆ ಕೈ ಹಾಕುತ್ತಾನೆಯೇ, ಇಲ್ಲ, ಹಾಕಲಿಲ್ಲ. ಪಾಪೂ, ಅಂದ, ಮೆಲ್ಲಗೆ, ಅತ್ತಿಗೆಗೆ ಕೇಳದಷ್ಟು ಮೆಲ್ಲಗೆ, ಒಳಗಿದ್ದೀಯಾ? ಎಲ್ಬೋ ಬಿಗಿದಿದೆ, ಎಷ್ಟೋ ಹೊತ್ತಿನ ಹಿಂದೆಯೇ ಬಿಗಿದಿರಬೇಕು, ಇವನ ಬೆರಳುಗಳು ಮಾತ್ರ ಬಿಡುತ್ತಿಲ್ಲ, ಮತ್ತೊಂದು ಸೀನು ನುಂಗಿ, ಬಾಯಿ ತೆರೆದು, ಹೋಗಣ್ಣಾ ಎಂದ, ನೀವಿಬ್ಬರೂ ಹೋಗಿ, ಹೂಂ ಅಂತ ಬರೆದುಕೊಡು, ನಾನಿರ್ತೀನಿ — ಸಣ್ಣ ದನಿ, ಆದರೂ ಕಪಾಟಿನೊಳಗೆ ಎಷ್ಟು ದೊಡ್ಡದಾಗಿ ಕೇಳಿತು. ಸಂದಿನಲ್ಲಿ ಆ ಹೆಬ್ಬೆರಳು, ಆ ಸೊಟ್ಟ ಉಗುರು, ಮಡಚಿಕೊಂಡಿತು, ನೆಲಕ್ಕೆ ಒತ್ತಿಕೊಂಡಿತು, ಉಗುರಿನ ಸುತ್ತ ಬೆಳ್ಳಗಾಗುವಷ್ಟು, ಬಿಡಣ್ಣಾ, ಇನ್ನೂ ಒತ್ತಿತು, ಬಿಡು, ಇನ್ನೂ…